ಮಂಜಿಗೆ ಹಾರ್ನ್, ಸಿಡಿಲಿಗೆ ದಡ

ಪ್ರಶ್ನೆ: ನನ್ನದು ಚಿಕ್ಕ ನಾಡದೋಣಿ. ಗಂಗೊಳ್ಳಿ ಅಳಿವೆ ದಾಟುವಾಗ ಬೆಳಗಿನ ಮಂಜು, ಮೇ ತಿಂಗಳಲ್ಲಿ ಸಿಡಿಲು. ಏನು ಮಾಡಲಿ?

ಉತ್ತರ: ಮಂಜಿನಲ್ಲಿ ದೋಣಿ ನಿಧಾನ ಮಾಡಿ, 2 ನಿಮಿಷಕ್ಕೊಮ್ಮೆಯಾದರೂ ಹಾರ್ನ್ ಹೊಡೆಯಿರಿ. ಒಮ್ಮೆ ನನ್ನ ಹಾರ್ನ್ ಕೆಟ್ಟಿತ್ತು. ಗಂಜಿ ಪಾತ್ರೆಗೆ ಸೌಟಿನಿಂದ ಬಡಿದೆ. ಎದುರು ಬಂದ ಟ್ರಾಲ್ ಬೋಟಿನವರು ಚೆನ್ನಾಗಿ ಬೈದರು, ಆದರೆ ಬೋಟು ತಿರುಗಿಸಿದರು! ಆಗಾಗ ಎಂಜಿನ್ ನಿಲ್ಲಿಸಿ ಕಿವಿಗೊಡಿ.

ಸಿಡಿಲಿಗೆ ದಡವೇ ಗತಿ. ಮಿಂಚಿ 3 ಸೆಕೆಂಡಿಗೆ ಗುಡುಗಿದರೆ ಅದು ಸುಮಾರು 1 ಕಿ.ಮೀ. ದೂರದಲ್ಲಿದೆ. ಸುಮ್ನೆ ಎಣಿಸುತ್ತಾ ಕೂರಬೇಡಿ, ಮೊದಲ ಗುಡುಗಿಗೇ ಹೊರಡಿ. ಸಿಕ್ಕಿಬಿದ್ದರೆ ಬಲೆ ಬಿಟ್ಟು ತಗ್ಗಿ ಕೂರಿ, ಕಬ್ಬಿಣ ಮುಟ್ಟಬೇಡಿ. ಲೈಫ್ ಜಾಕೆಟ್ ಇರುವುದು ತಲೆದಿಂಬಿಗಲ್ಲ, ಅಲ್ವಾ? ಕೋಸ್ಟ್ ಗಾರ್ಡ್ ನಂಬರ್ 1554.