ಆಲಿಸ್ ಚಿಕ್ಕವಳಾದದ್ದು ಹೇಗೆ?

ಪ್ರಶ್ನೆ: ಮಗಳು ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಓದಿ ಮುಗಿಸಿದಳು. ಅದರ 1903ರ ಮೂಕಿ ಚಿತ್ರ ಯೂಟ್ಯೂಬ್‌ನಲ್ಲಿ ಸಿಕ್ಕಿತು. ಎಂಟೊಂಬತ್ತು ನಿಮಿಷ ಅಷ್ಟೇ. ಪರದೆ ತುಂಬ ಕಲೆ, ಕಥೆಗೆ ತಲೆಬುಡವಿಲ್ಲ. ಇದು ಪೂರ್ತಿ ಚಿತ್ರವೇ? ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಆಲಿಸ್‌ಳನ್ನು ಚಿಕ್ಕವಳು, ದೊಡ್ಡವಳು ಮಾಡಿದ್ದು ಹೇಗೆ?

ಉತ್ತರ: ಪೂರ್ತಿ ಅಲ್ಲ. ಮೊದಲು ಅದು 800 ಅಡಿ ರೀಲು, ಸುಮಾರು 12 ನಿಮಿಷ. ಆಗ ಬ್ರಿಟನ್ನಿನಲ್ಲಿ ಅಷ್ಟು ಉದ್ದದ ಚಿತ್ರವೇ ಬಂದಿರಲಿಲ್ಲ. ಉಳಿದಿರುವುದು ಒಂದೇ ಪ್ರಿಂಟು, ಅದೂ ಜಖಂ ಆದದ್ದು. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2010ರಲ್ಲಿ ಅದನ್ನು ರಿಪೇರಿ ಮಾಡಿ, ಹಳೆಯ ಬಣ್ಣದ ಛಾಯೆಗಳನ್ನೂ ಮರಳಿ ತಂದಿತು.

ಆದರೆ ಕಥೆ ಹಾರುವುದಕ್ಕೆ ಹರಿದ ಫಿಲ್ಮ್ ಒಂದೇ ಕಾರಣವಲ್ಲ. ಲೂಯಿಸ್ ಕ್ಯಾರಲ್ ಪುಸ್ತಕ ಬಂದದ್ದು 1865ರಲ್ಲಿ. 1903ರ ಹೊತ್ತಿಗೆ ಇಂಗ್ಲೆಂಡಿನ ಮಕ್ಕಳಿಗೆ ಅದು ಬಾಯಿಪಾಠ. ಗೊತ್ತಿರುವ ಕಥೆಯನ್ನು ಮತ್ತೆ ಯಾಕೆ ಹೇಳಬೇಕು, ಅಲ್ವಾ? ನಿರ್ದೇಶಕರಾದ ಸೆಸಿಲ್ ಹೆಪ್‌ವರ್ತ್ ಮತ್ತು ಪರ್ಸಿ ಸ್ಟೋ ಅವರಿಗೆ ಬೇಕಿದ್ದದ್ದು, ಪುಸ್ತಕಕ್ಕೆ ಜಾನ್ ಟೆನಿಯಲ್ ಬರೆದ ಚಿತ್ರಗಳು ಪರದೆಯ ಮೇಲೆ ಓಡಾಡುವುದು. ಬೇಕಾದ ದೃಶ್ಯವನ್ನಷ್ಟೇ ಬಿಡಿಯಾಗಿ ಕೊಳ್ಳುವ ಅವಕಾಶವೂ ಪ್ರದರ್ಶಕರಿಗಿತ್ತು. ಹಾಗಾಗಿ ಕೊಂಡಿ ಹೊಂದಿಸುವ ತಲೆನೋವೇ ಇರಲಿಲ್ಲ.

ಇನ್ನು ಟ್ರಿಕ್ ವಿಷಯ. ಆಲಿಸ್ ಕೈಯಲ್ಲಿದ್ದ ಮಗು ಹಂದಿಮರಿ ಆಗುತ್ತದಲ್ಲ, ಅಂಥ ಕಡೆ ಕ್ಯಾಮೆರಾದ ಹಿಡಿಕೆ ತಿರುಗಿಸುವುದನ್ನು ನಿಲ್ಲಿಸಬೇಕು, ನಟಿ ಅಲ್ಲಾಡದೆ ನಿಲ್ಲಬೇಕು, ವಸ್ತು ಬದಲಾಯಿಸಿ ಮತ್ತೆ ತಿರುಗಿಸಬೇಕು. ಪೊದೆಯ ಮೇಲೆ ಬೆಕ್ಕು ಮೂಡುವುದು ಡಬಲ್ ಎಕ್ಸ್‌ಪೋಷರ್: ಒಂದೇ ಫಿಲ್ಮಿನ ಮೇಲೆ ಎರಡು ಸಲ ಚಿತ್ರಿಸುವುದು. ಆಲಿಸ್ ಕುಗ್ಗುವುದಕ್ಕೂ ಇಂಥದೇ ಕೈಚಳಕ. ಅಂದಹಾಗೆ ಅದು ಹೆಪ್‌ವರ್ತ್ ಮನೆಯ ಬೆಕ್ಕು. ಪುಸ್ತಕದಲ್ಲಿ ಅದು ಹಲ್ಲು ಕಿರಿಯಬೇಕು. ಇಲ್ಲಿ ತನಗೂ ಸಿನಿಮಾಕ್ಕೂ ಸಂಬಂಧವೇ ಇಲ್ಲ ಅನ್ನುವಂತೆ ಸುಮ್ನೆ ಕೂತಿದೆ. ನನಗೆ ಆ ಬೆಕ್ಕೇ ಇಷ್ಟ.

ಮೊಲದ ಮನೆಯೊಳಗೆ ಆಲಿಸ್ ದೈತ್ಯಳಾಗುವ ಕಡೆ ಮಾತ್ರ ಕ್ಯಾಮೆರಾ ಕೆಲಸ ಕಡಿಮೆ, ಬಡಗಿ ಕೆಲಸ ಜಾಸ್ತಿ. ಪುಟಾಣಿ ಕೋಣೆಯ ಸೆಟ್ಟು, ಅದರೊಳಗೆ ಮುದುಡಿ ಕೂತ ಆಲಿಸ್ ಪಾತ್ರಧಾರಿ ಮೇ ಕ್ಲಾರ್ಕ್. ಇಷ್ಟೂ ಟ್ರಿಕ್ಕುಗಳಲ್ಲಿ ಇದೇ ಜಾಸ್ತಿ ನಂಬುವಂತಿದೆ.

ಉಳಿದ ಪಾತ್ರವರ್ಗದಲ್ಲಿ ಮನೆಮಂದಿಯೂ ಇದ್ದರು. ಹೆಪ್‌ವರ್ತ್ ಸ್ವತಃ ಕಪ್ಪೆ, ಹೆಂಡತಿ ಬಿಳಿ ಮೊಲ, ರಾಣಿಯೂ ಅವರೇ. ಮನೆಯ ನಾಯಿ ಬ್ಲೇರ್ ಇಲ್ಲಿ ಸಣ್ಣ ಪಾತ್ರ ಮಾಡಿ, 1905ರಲ್ಲಿ ‘ರೆಸ್ಕ್ಯೂಡ್ ಬೈ ರೋವರ್’ ಚಿತ್ರದ ಹೀರೋ ಆಯಿತು.

ಮಗಳ ಜೊತೆ ಇನ್ನೊಮ್ಮೆ ನೋಡುವಾಗ ಟೆನಿಯಲ್ ಚಿತ್ರಗಳಿರುವ ಪುಸ್ತಕ ಪಕ್ಕದಲ್ಲಿರಲಿ. ಇಸ್ಪೀಟೆಲೆಗಳ ಮೆರವಣಿಗೆ ಬಂದಾಗ ವಿಡಿಯೋ ನಿಲ್ಲಿಸಿ, ವೇಷಗಳನ್ನು ಹೋಲಿಸಲು ಅವಳಿಗೇ ಹೇಳಿ.