ಬೋರ್ಡಿಂಗ್ ಅಂದರೆ ಊಟ

ತಿಪಟೂರಿನಿಂದ ಓದುಗರೊಬ್ಬರು ಬರೆದಿದ್ದಾರೆ: “ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನ ಮೇಲೆ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಎಂದು ಬರೆದಿತ್ತು. ಏಳನೇ ಕ್ಲಾಸಿನ ನನ್ನ ಮಗಳು ಅದನ್ನು ಓದಿ, ‘ಅಪ್ಪಾ, ಬೋರ್ಡಿಂಗ್ ಅಂದ್ರೆ ವಿಮಾನ ಹತ್ತೋದು ಅಲ್ವಾ? ಇಲ್ಲಿ ಏನು ಹತ್ತುತ್ತಾರೆ?’ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ನಿಘಂಟು ತೆಗೆದರೆ ಹಲಗೆ, ಊಟ, ಮಂಡಳಿ, ಹಡಗು ಹತ್ತುವುದು ಎಲ್ಲವೂ ಒಂದೇ ಪದದ ಕೆಳಗೆ! ಇಂಗ್ಲಿಷು ತಲೆಬುಡವಿಲ್ಲದ ಭಾಷೆ, ಕನ್ನಡದಲ್ಲಿ ಇಂಥ ಗೊಂದಲ ಇಲ್ಲ ಎಂದುಬಿಟ್ಟೆ. ಸರಿಯಾಗಿ ಹೇಳಿದೆನಾ?”

ನಮಸ್ಕಾರ ಸರ್. ನಿಮ್ಮ ಮಗಳ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಆ ಬರಹವನ್ನು ನಾನೂ ಚಿಕ್ಕಂದಿನಿಂದ ಎಷ್ಟೋ ಊರಿನಲ್ಲಿ ಓದಿದ್ದೇನೆ. ಬೋರ್ಡಿಂಗ್ ಎಂದರೂ ಉಳಿದುಕೊಳ್ಳುವುದೇ, ಲಾಡ್ಜಿಂಗ್ ಎಂದರೂ ಉಳಿದುಕೊಳ್ಳುವುದೇ ಎಂದು ಬಹಳ ವರ್ಷ ತಿಳಿದಿದ್ದೆ. ಹಾಗಲ್ಲ. ಲಾಡ್ಜಿಂಗ್ ಎಂದರೆ ರೂಮು, ಬೋರ್ಡಿಂಗ್ ಎಂದರೆ ಊಟ. ಆದರೆ ನೀವು ಮಗಳಿಗೆ ಹೇಳಿದ ಎರಡು ಮಾತನ್ನೂ ನಾನು ಒಪ್ಪುವುದಿಲ್ಲ. ಆ ಪದಕ್ಕೆ ತಲೆಯೂ ಇದೆ, ಬುಡವೂ ಇದೆ. ಕನ್ನಡವೂ ಇದೇ ಕೆಲಸ ಮಾಡಿದೆ, ಅದೂ ಎಷ್ಟು ಚೆನ್ನಾಗಿ!

ಬುಡದಲ್ಲಿ ಇರುವುದು ಒಂದು ಮರದ ಹಲಗೆ. ಸಾವಿರ ವರ್ಷಕ್ಕೂ ಹಿಂದಿನ ಇಂಗ್ಲಿಷಿನಲ್ಲಿ ‘ಬೋರ್ಡ್’ ಎಂದರೆ ಮೂಲದಲ್ಲಿ ಸೀಳಿದ ಮರದ ತುಂಡು. ಆಮೇಲೆ ಏನಾಯಿತು ಎಂದು ತಿಳಿಯಬೇಕಾದರೆ ನಿಘಂಟಿನ ಅರ್ಥಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಆ ಹಲಗೆಯನ್ನು ಜನ ಎಲ್ಲೆಲ್ಲಿ ಇಟ್ಟರು ಎಂದು ನೋಡಿದರೆ ಸಾಕು.

ನಮ್ಮ ಕಲ್ಯಾಣ ಮಂಟಪದ ಊಟದ ಹಾಲನ್ನು ನೆನೆಸಿಕೊಳ್ಳಿ. ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಉದ್ದನೆಯ ಹಲಗೆ ಇಡುತ್ತಾರೆ, ಅದರ ಮೇಲೆ ಪೇಪರ್ ರೋಲ್ ಎಳೆಯುತ್ತಾರೆ, ಎಲೆ ಹಾಕುತ್ತಾರೆ. ಕೊನೇ ಪಂಕ್ತಿ ಎದ್ದ ಮೇಲೆ ಹಲಗೆ ಎತ್ತಿ ಗೋಡೆಗೆ ಒರಗಿಸಿದರೆ ಹಾಲೆಲ್ಲ ಖಾಲಿ. ಮಧ್ಯಯುಗದ ಇಂಗ್ಲೆಂಡಿನ ದೊಡ್ಡ ಮನೆಗಳ ಹಜಾರದಲ್ಲೂ ಹೀಗೆಯೇ ಇತ್ತು. ಅಲ್ಲಿ ಸ್ಟ್ಯಾಂಡು ಮರದ್ದು, ಅಷ್ಟೇ ವ್ಯತ್ಯಾಸ. ಊಟದ ಹೊತ್ತಿಗೆ ಹಲಗೆ ತಂದು ಹಾಸುತ್ತಿದ್ದರು, ಊಟ ಮುಗಿದ ಮೇಲೆ ಎತ್ತಿಡುತ್ತಿದ್ದರು. ಹಾಗಾಗಿ ಹಲಗೆ ಎಂದರೆ ಊಟದ ಮೇಜು ಎಂದಾಯಿತು. ಮೇಜಿನಿಂದ ಅದರ ಮೇಲಿನ ಊಟಕ್ಕೆ ಅರ್ಥ ಜಾರುವುದಕ್ಕೆ ಜಾಸ್ತಿ ದೂರವಿರಲಿಲ್ಲ. ದುಡ್ಡು ಕೊಟ್ಟು ಬೇರೆಯವರ ಮನೆಯಲ್ಲಿ ದಿನವೂ ಉಣ್ಣುವವನು ಬೋರ್ಡರ್ ಆದ. ಮಕ್ಕಳಿಗೆ ಪಾಠದ ಜೊತೆ ಊಟವನ್ನೂ ಜಾಗವನ್ನೂ ಕೊಡುವ ಶಾಲೆ ಬೋರ್ಡಿಂಗ್ ಸ್ಕೂಲ್ ಆಯಿತು. ನಿಮ್ಮೂರಿನ ಹೋಟೆಲಿನ ಮೇಲಿರುವುದು ಇದೇ ಅರ್ಥ.

ಅದೇ ಮೇಜಿನ ಸುತ್ತ ಇನ್ನೊಂದು ಹೊತ್ತಿನಲ್ಲಿ ಊಟಕ್ಕಲ್ಲದೆ ಮಾತುಕತೆಗೆ ಜನ ಕೂತರು, ಲೆಕ್ಕ ನೋಡಿದರು, ತೀರ್ಮಾನ ಮಾಡಿದರು. 16ನೇ ಶತಮಾನದ ಹೊತ್ತಿಗೆ ಮೇಜಿನ ಸುತ್ತ ಕೂತವರನ್ನೇ ಬೋರ್ಡ್ ಎಂದು ಕರೆಯತೊಡಗಿದ್ದರು. ಈ ಅರ್ಥ ನಮ್ಮ ಚರಿತ್ರೆಗೂ ಬಂದು ಸೇರಿತು. ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಕಣ್ಣಿಡಲು ಬ್ರಿಟಿಷ್ ಸರ್ಕಾರ 1784ರಲ್ಲಿ ಮಾಡಿದ ವ್ಯವಸ್ಥೆಯ ಹೆಸರು ಬೋರ್ಡ್ ಆಫ್ ಕಂಟ್ರೋಲ್. 1858ರಲ್ಲಿ ಅದು ಹೋಯಿತು. ಆದರೆ 1928ರಲ್ಲಿ ಹುಟ್ಟಿದ ನಮ್ಮ ಕ್ರಿಕೆಟ್ ಸಂಸ್ಥೆಯ ಹೆಸರಿನಲ್ಲೂ ಆ ಎರಡೂ ಪದಗಳಿವೆ: ಬೋರ್ಡ್ ಆಫ್ ಕಂಟ್ರೋಲ್ ಫಾರ್ ಕ್ರಿಕೆಟ್ ಇನ್ ಇಂಡಿಯಾ. ಇನ್ನು ಕೆಇಬಿ, ಅಂದರೆ ಕರ್ನಾಟಕ ಎಲೆಕ್ಟ್ರಿಸಿಟಿ ಬೋರ್ಡ್. 1957ರಲ್ಲಿ ಶುರುವಾದ ವಿದ್ಯುತ್ ಮಂಡಳಿ 1999ರಲ್ಲಿ ನಿಗಮವಾಯಿತು, 2002ರಲ್ಲಿ ಕರೆಂಟು ಹಂಚುವ ಕೆಲಸ ಬೆಸ್ಕಾಂ ಮೊದಲಾದ ಕಂಪನಿಗಳಿಗೆ ಹೋಯಿತು. ಆದರೂ ಕರೆಂಟು ಹೋದರೆ ನಾವು ಇವತ್ತಿಗೂ “ಕೆಇಬಿಯವರಿಗೆ ಫೋನ್ ಮಾಡು” ಅನ್ನುತ್ತೇವೆ, ಅಲ್ವಾ? ಮಂಡಳಿ ಹೋಗಿ ಇಷ್ಟು ವರ್ಷವಾದರೂ ಅದರ ಬೋರ್ಡು ನಮ್ಮ ಬಾಯಲ್ಲಿ ಉಳಿದಿದೆ.

ಇಲ್ಲೇ ಕನ್ನಡದ ಮಾತು ಬರುತ್ತದೆ. ಬೋರ್ಡಿಗೆ ನಾವು ‘ಮಂಡಳಿ’ ಅನ್ನುತ್ತೇವೆ. ಮಂಡಲ ಎಂದರೆ ದುಂಡಗಿನದು, ವೃತ್ತ. ಒಂದಷ್ಟು ಜನ ಕೂತು ಮಾತಾಡುವುದನ್ನು ನೋಡಿ ಅವರು ನಡುವಿನ ಹಲಗೆಯ ಹೆಸರಿಟ್ಟರೆ, ನಮ್ಮಲ್ಲಿ ಸುತ್ತ ಕೂತ ಜನರ ದುಂಡಿಗೆ ಹೆಸರಾಯಿತು. ಈ ಎರಡು ಪದ ಪಕ್ಕ ಪಕ್ಕ ಇಟ್ಟು ನೋಡಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ವಿಮಾನಕ್ಕೆ ಬರೋಣ, ಮಗಳು ಕೇಳಿದ್ದು ಅದನ್ನೇ. ಇಲ್ಲಿ ದಾರಿ ಸ್ವಲ್ಪ ಕವಲೊಡೆಯುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಇದೇ ಉಚ್ಚಾರದ ಇನ್ನೊಂದು ಪದ ಇತ್ತು, ಅದಕ್ಕೆ ಅಂಚು, ಹಡಗಿನ ಪಕ್ಕ ಎಂಬ ಅರ್ಥ. ಹಡಗಿನ ಪಕ್ಕವೂ ಹಲಗೆಯಿಂದಲೇ ಆದದ್ದರಿಂದ ಎರಡೂ ಬಹಳ ಹಿಂದೆಯೇ ಒಂದರೊಳಗೊಂದು ಕಲೆತುಹೋದವು. ಹಡಗನ್ನು ಬೋರ್ಡ್ ಮಾಡುವುದು ಎಂದರೆ ಮೊದಲಿಗೆ ಅದರ ಪಕ್ಕಕ್ಕೆ ತಮ್ಮ ಹಡಗನ್ನು ತಂದು ತಾಗಿಸುವುದು, ಹೆಚ್ಚಾಗಿ ಜಗಳಕ್ಕೆ, ಲೂಟಿಗೆ. ಆಮೇಲೆ ಪ್ರಯಾಣಿಕರು ಸುಮ್ನೆ ಹತ್ತುವುದಕ್ಕೂ ಅದೇ ಮಾತು ಬಂತು. ಹಡಗಿನಿಂದ ರೈಲಿಗೆ, ರೈಲಿನಿಂದ ವಿಮಾನಕ್ಕೆ. ಬೋರ್ಡಿಂಗ್ ಪಾಸ್ ಕೈಯಲ್ಲಿ ಹಿಡಿದು ಸಾಲಿನಲ್ಲಿ ನಿಂತವರ ಹಿಂದೆ ಸಮುದ್ರದ ಇಷ್ಟು ದೊಡ್ಡ ಕಥೆ ಇದೆ.

ಸಮುದ್ರದ ಮಾತು ಬಂದದ್ದಕ್ಕೆ ಇನ್ನೊಂದು ಹೇಳಿಬಿಡುತ್ತೇನೆ. ಹಡಗಿನ ಬಲಪಕ್ಕಕ್ಕೆ ಸ್ಟಾರ್‌ಬೋರ್ಡ್ ಅನ್ನುತ್ತಾರೆ. ನಕ್ಷತ್ರಕ್ಕೂ ಅದಕ್ಕೂ ಸಂಬಂಧ ಇಲ್ಲ. ಹಳೆಯ ಹಡಗುಗಳಲ್ಲಿ ದಿಕ್ಕು ತಿರುಗಿಸುವ ದೊಡ್ಡ ಹುಟ್ಟು ಬಲಗಡೆ ಇರುತ್ತಿತ್ತು, ಅದು ‘ತಿರುಗಿಸುವ ಪಕ್ಕ’, ಸ್ಟೀರಿಂಗಿನ ಪಕ್ಕ. ಎಡಗಡೆಗೆ ಲಾರ್‌ಬೋರ್ಡ್ ಎಂಬ ಹೆಸರಿತ್ತು. ಗಾಳಿಯ ಅಬ್ಬರದಲ್ಲಿ ಯಾರಾದರೂ ಕೂಗಿದರೆ ಸ್ಟಾರ್ ಅಂದನೋ ಲಾರ್ ಅಂದನೋ ಹೇಗೆ ಗೊತ್ತಾಗಬೇಕು? ಕೊನೆಗೆ 1844ರಲ್ಲಿ ಬ್ರಿಟಿಷ್ ನೌಕಾಪಡೆ ಎಡಪಕ್ಕಕ್ಕೆ ‘ಪೋರ್ಟ್’ ಎಂಬ ಪದವನ್ನೇ ಬಳಸಬೇಕು ಎಂದು ಆದೇಶ ಮಾಡಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಡ್ಯಾಶ್‌ಬೋರ್ಡ್. ಮಳೆಗಾಲದ ಕೆಸರು ರಸ್ತೆಯಲ್ಲಿ ಕುದುರೆ ಗಾಡಿ ಓಡುತ್ತಿದೆ ಎಂದುಕೊಳ್ಳಿ. ಕುದುರೆಯ ಹಿಂಗಾಲು ನೆಲಕ್ಕೆ ಬಿದ್ದು ಮೇಲೆದ್ದಾಗಲೆಲ್ಲ ಒಂದು ಮುದ್ದೆ ಕೆಸರು ಹಿಂದಕ್ಕೆ ಹಾರಿ ನೇರ ಗಾಡಿ ಹೊಡೆಯುವವನ ಮೊಣಕಾಲಿಗೆ, ಮುಖಕ್ಕೆ ಬೀಳುತ್ತದೆ. ಅದನ್ನು ತಡೆಯಲು ಅವನ ಮುಂದೆ ಒಂದು ಹಲಗೆಯನ್ನೋ ತೊಗಲಿನ ಅಡ್ಡವನ್ನೋ ನಿಲ್ಲಿಸುತ್ತಿದ್ದರು. ಡ್ಯಾಶ್ ಎಂದರೆ ಇಲ್ಲಿ ರಾಚುವುದು, ಎರಚುವುದು. ರಾಚಿದ ಕೆಸರನ್ನು ತಡೆಯುವ ಹಲಗೆಯೇ ಡ್ಯಾಶ್‌ಬೋರ್ಡ್. ಮೋಟಾರು ಬಂದ ಮೇಲೆ ಕುದುರೆ ಹೋಯಿತು, ಹಲಗೆ ಹೋಗಲಿಲ್ಲ. ಕೂತವರ ಮುಂದೆ ಖಾಲಿ ನಿಂತಿದ್ದ ಅದರ ಮೇಲೆ ಸ್ಪೀಡು, ಪೆಟ್ರೋಲು ತೋರಿಸುವ ಮುಳ್ಳುಗಳನ್ನು ಕೂರಿಸಿದರು. ಇವತ್ತು ಆಫೀಸಿನ ಕಂಪ್ಯೂಟರಿನಲ್ಲಿ ಅಂಕಿಅಂಶ ತೋರಿಸುವ ಪುಟಕ್ಕೂ ಅದೇ ಹೆಸರು. ಅಲ್ಲಿ ಕೆಸರೂ ಇಲ್ಲ, ಮರವೂ ಇಲ್ಲ.

ಕಪ್‌ಬೋರ್ಡ್ ಮೊದಲು ಬಾಗಿಲಿನ ಬೀರು ಆಗಿರಲಿಲ್ಲ, ಲೋಟ ಬಟ್ಟಲು ಜೋಡಿಸುವ ಮೇಜಾಗಿತ್ತು. ಪ್ರಾಮಾಣಿಕ ವ್ಯವಹಾರಕ್ಕೆ ‘ಅಬೌವ್ ಬೋರ್ಡ್’ ಅನ್ನುವುದು ಇಸ್ಪೀಟಿನಿಂದ ಬಂದದ್ದು: ಆಡುವವರ ಕೈ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತಿರಬೇಕು. ಲಂಚಕ್ಕೆ ನಾವು ‘ಮೇಜಿನ ಕೆಳಗಿನ ವ್ಯವಹಾರ’ ಅನ್ನುತ್ತೇವಲ್ಲ, ಅದರ ಇನ್ನೊಂದು ಬದಿ ಇದು.

ಈಗ ‘ಕನ್ನಡದಲ್ಲಿ ಇಂಥದ್ದು ಇಲ್ಲ’ ಎಂಬ ಮಾತು. ಸರ್, ಮಣೆಯನ್ನು ಮರೆತಿರಾ? ಅದೂ ಒಂದು ಹಲಗೆಯೇ, ಕೆಳಗೆ ಎರಡು ಪಟ್ಟಿ ಹೊಡೆದದ್ದು. ನಮ್ಮಜ್ಜಿ ಮನೆಯಲ್ಲಿ ಗೋಡೆಗೆ ಒರಗಿಸಿದ ಆರೇಳು ಮಣೆ ಇದ್ದವು. ನೆಂಟರು ಬಂದ ಸದ್ದು ಕೇಳಿದರೆ ಅಜ್ಜಿ ಮೊದಲು ಮಣೆ ಹಾಕುತ್ತಿದ್ದರು, ನೀರು ಆಮೇಲೆ. ಕೂರಲು ಮಣೆ ಕೊಡುವುದೇ ಮರ್ಯಾದೆ. ಹಾಗಾಗಿ ‘ಮಣೆ ಹಾಕು’ ಎಂದರೆ ಗೌರವಿಸು, ಆದ್ಯತೆ ಕೊಡು ಎಂದಾಯಿತು. ಚುನಾವಣೆ ಬಂದರೆ ಪೇಪರಿನಲ್ಲಿ ‘ಹೊಸಬರಿಗೆ ಮಣೆ’ ಎಂದು ದೊಡ್ಡ ಅಕ್ಷರದಲ್ಲಿ ಬರುತ್ತದೆ, ಅಲ್ಲಿ ಯಾರೂ ಮರ ಹುಡುಕುವುದಿಲ್ಲ. ‘ಹಸೆಮಣೆ ಏರಿದರು’ ಎಂದರೆ ಮದುವೆಯಾಯಿತು. ತರಕಾರಿ ಹೆಚ್ಚಲು ಈಳಿಗೆಮಣೆ, ತುಳುನಾಡಿನ ಆಟಿ ತಿಂಗಳ ಮಳೆಯಲ್ಲಿ ಆಡಿ ಹೊತ್ತು ಕಳೆಯಲು ಚೆನ್ನೆಮಣೆ. ನಮ್ಮ ‘ಹಲಗೆ’ ಹಿಂದೆ ಗುರಾಣಿಯೂ ಆಗಿತ್ತು. ಹಳೆಯ ಇಂಗ್ಲಿಷಿನ ಪದ್ಯಗಳಲ್ಲಿ ಬೋರ್ಡಿಗೂ ಗುರಾಣಿ ಎಂಬ ಅರ್ಥ ಇತ್ತು. ಉತ್ತರ ಕರ್ನಾಟಕದ ಕಡೆ ಹೋಳಿಯಲ್ಲಿ ಬಾರಿಸುವ ವಾದ್ಯಕ್ಕೆ ಹಲಗಿ ಅನ್ನುತ್ತಾರೆ. ಹೈಕೋರ್ಟಿನ ಪೀಠ, ಮಠದ ಪೀಠ ಎಂದಾಗಲೂ ಮೂಲದಲ್ಲಿ ಇರುವುದು ಕೂರುವ ಜಾಗವೇ.

ನಮ್ಮ ಶಾಲೆಯ ಕರಿಹಲಗೆ ನಿಜಕ್ಕೂ ಹಲಗೆಯೇ ಆಗಿತ್ತು. ಶನಿವಾರ ಬೆಳಿಗ್ಗೆ ಕ್ಲಾಸು ಬಿಟ್ಟ ಮೇಲೆ ಇದ್ದಿಲು ಪುಡಿ ಮಾಡಿ, ತೊಂಡೆ ಸೊಪ್ಪಿನ ಜೊತೆ ಅರೆದು, ಅದಕ್ಕೆ ಉಜ್ಜುತ್ತಿದ್ದೆವು. ಕೈ ಎರಡು ದಿನ ಹಸಿರು ಕಪ್ಪು. ಸೋಮವಾರ ಮೇಷ್ಟ್ರು ಅದರ ಮೇಲೆ ಎಳೆದ ಮೊದಲ ಬಿಳಿ ಗೆರೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅದಕ್ಕೆ ಬೋರ್ಡು ಅಂದವರೂ ನಾವೇ, ಹಲಗೆ ಅಂದವರೂ ನಾವೇ. ನಮಗೆ ಯಾವ ಗೊಂದಲವೂ ಆಗಿರಲಿಲ್ಲ.

ಬೋರ್ಡು ನಮ್ಮಲ್ಲಿಗೆ ಬಂದ ಮೇಲೆ ನಾವೂ ಅದನ್ನು ಬೆಳೆಸಿದ್ದೇವೆ, ಇದನ್ನು ಮಗಳಿಗೆ ತಪ್ಪದೆ ಹೇಳಿ. “ಬೋರ್ಡಿನಲ್ಲಿ ಚಾರ್ಜರ್ ಹಾಕು” ಎಂದರೆ ಸ್ವಿಚ್ಚುಗಳಿರುವ ಡಬ್ಬಿ. ಹಳೆ ಮನೆಗಳಲ್ಲಿ ಅದು ಮರದ್ದೇ. “ಬಸ್ಸಿನ ಬೋರ್ಡ್ ನೋಡು” ಎಂದರೆ ಬಸ್ಸು ಹೋಗುವ ಊರು. ಎಲ್ಲೋ ಬೋರ್ಡ್ ಗಾಡಿ ಎಂದರೆ ಬಾಡಿಗೆಯದು, ವೈಟ್ ಬೋರ್ಡ್ ಎಂದರೆ ಸ್ವಂತದ್ದು. ಇದು ನಂಬರ್ ಪ್ಲೇಟಿನ ಬಣ್ಣದ ಮಾತು. ಲಂಡನ್ನಿನವರಿಗೆ ವೈಟ್ ಬೋರ್ಡ್ ಎಂದರೆ ಪೆನ್ನಿನಲ್ಲಿ ಬರೆದು ಒರೆಸುವ ಬಿಳಿ ಹಲಗೆ ಮಾತ್ರ. ಕಾರಿನ ಅರ್ಥ ಅವರಿಗೆ ನಾವೇ ಹೇಳಿಕೊಡಬೇಕು.

ನಿಮ್ಮ ಕಡೆ ಮರಗೆಲಸದವರು, ತೆಂಗಿನಕಾಯಿ ಮಂಡಿಯವರು ಹಲಗೆ, ಮಣೆ ಅನ್ನುವ ಮಾತನ್ನು ಬೇರೆ ಯಾವುದಕ್ಕಾದರೂ ಹೇಳುತ್ತಾರಾ? ಮಗಳನ್ನೇ ಕೇಳಿಕೊಂಡು ಬರಲು ಕಳಿಸಿ. ಅವಳ ಕೈಬರಹದಲ್ಲೇ ಬರೆದು ಕಳಿಸಿದರೆ ಇದೇ ಪುಟದಲ್ಲಿ ಹಾಕುತ್ತೇನೆ.

ಸಂಪಾದಕ