ಬಿಪಿ ಇಳಿದಿದೆ, ಮಾತ್ರೆ ಬಿಡಬಹುದೇ?

ಪ್ರಶ್ನೆ: ಅಪ್ಪನಿಗೆ 62 ವರ್ಷ, ಸಕ್ಕರೆ ಕಾಯಿಲೆಯೂ ಇದೆ. ಬಿಪಿ, ಎದೆನೋವಿಗೆ ಮೆಟೊಪ್ರೊಲಾಲ್ 50 ಮಿ.ಗ್ರಾಂ. ತಗೊಳ್ಳುತ್ತಿದ್ದರು. ಬಿಪಿ 124/80 ಬಂತೆಂದು ಮೂರು ದಿನದಿಂದ ಬಿಟ್ಟಿದ್ದಾರೆ. ಈಗ ಎದೆ ಡವಡವ ಅನ್ನುತ್ತದಂತೆ.
– ಓದುಗರು, ರಾಣೆಬೆನ್ನೂರು, ಹಾವೇರಿ ಜಿಲ್ಲೆ

ಉತ್ತರ: ಇವತ್ತೇ ವೈದ್ಯರಿಗೆ ತೋರಿಸಿ, ಎದೆನೋವು ಬಂದರೆ 108ಕ್ಕೆ ಫೋನ್ ಮಾಡಿ. ಬಿಪಿ ಇಳಿದದ್ದು ಮಾತ್ರೆಯಿಂದಲೇ ತಾನೆ! ಮೆಟೊಪ್ರೊಲಾಲ್ ಬೀಟಾ ಬ್ಲಾಕರ್ ಎಂಬ ಬಗೆಯ ಮಾತ್ರೆ, ಅದು ಹೃದಯದಲ್ಲಿ ಅಡ್ರಿನಲಿನ್ (ಎದೆಬಡಿತ ಹೆಚ್ಚಿಸುವ ಹಾರ್ಮೋನ್) ಕೂರುವ ಜಾಗಗಳನ್ನು ಮುಚ್ಚಿಡುತ್ತದೆ. ಇದಕ್ಕೆ ಪ್ರತಿಯಾಗಿ ದೇಹ ಅಂಥ ಜಾಗಗಳನ್ನು ಹೆಚ್ಚಿಸಿಕೊಂಡಿರುತ್ತದೆ. ದಿಢೀರನೆ ಬಿಟ್ಟರೆ ಅಡ್ರಿನಲಿನ್ ಹೊಡೆತ ಜೋರಾಗಿ ಹೃದಯಾಘಾತವೂ ಆದೀತು. ನಿಲ್ಲಿಸಲೇಬೇಕಿದ್ದರೆ ವೈದ್ಯರು 1–2 ವಾರಗಳಲ್ಲಿ ಹಂತಹಂತವಾಗಿ ಇಳಿಸುತ್ತಾರೆ. ತಪ್ಪಿದ್ದಕ್ಕೆಂದು ಒಮ್ಮೆಲೇ ಎರಡು ಮಾತ್ರೆ ಬೇಡ. ನಾಡಿ 50ಕ್ಕಿಂತ ಕೆಳಗಿಳಿದು ತಲೆ ಸುತ್ತಿದರೂ ವೈದ್ಯರಿಗೆ ತಿಳಿಸಿ.

ಸಕ್ಕರೆಯವರಿಗೆ ಇನ್ನೊಂದು ಮಾತು: ಸಕ್ಕರೆ ಕುಸಿದಾಗಿನ ಡವಡವ, ನಡುಕ ಈ ಮಾತ್ರೆಯಿಂದ ಗೊತ್ತಾಗದಿರಬಹುದು, ಬೆವರು ಮಾತ್ರ ಬರುತ್ತದೆ. ಸುಮ್ಮನೆ ಬೆವರಿದರೆ ಗ್ಲೂಕೋಮೀಟರ್ ಹಚ್ಚಿ ನೋಡಿ.